ಬೆಲ್ಲದ ಮಂಡಿಯ ವಾಸನೆ ಹುಡುಕಿ ಬರ್ಗಂಡಿಗೆ

ಗೆಳೆಯಾ ಶೇಷು,

ಮದ್ಯಪ್ರಿಯರೇ, ಮದ್ಯದ್ವೇಷಿಗಳೇ, ಮಜ್ಜಿಗೆಯಲ್ಲೇ ಮತ್ತೇರುವ ಮಹನೀಯರೇ, ಕಡಲಾಚೆಯ ಈ ಫೇರ್‌ಫ್ಯಾಕ್ಸಿನ ಸಮಸ್ತ ಕನ್ನಡ ಬಾಂಧವರೇ... ಪ್ರತಿ ಬಾಟಲಿಯ ಬಿರಡೆ ಕೀಳುವ ಮೊದಲು ನಮ್ಮ ಹಿತ್ತಿಲ ಡೆಕ್ಕಿನ ಮೇಲೆ ನಿಂತು ನೀನು ಹೀಗೆ ತಾನೆ ಭಾಷಣ ಬಿಗಿಯುತ್ತಿದ್ದದ್ದು? ಸಭಿಕರು ನಾನು, ನನ್ನ ಹೆಂಡತಿ ಸುಧಾ, ಒಂದು ಅಳಿಲು. ಈಗ ಭಾಷಣ ನನ್ನದು, ಸಭಿಕ ನೀನು. ವಿಷಯ: ಫ್ರಾನ್ಸ್ ಪ್ರವಾಸ ಮತ್ತು ಪ್ರಯಾಸ.

ಬರ್ಗಂಡಿಯ ಹಳೆಯ ವೈನ್ ನೆಲಮಾಳಿಗೆಗಳಲ್ಲಿ ಮಂಡ್ಯದ ನಿಮ್ಮಪ್ಪನ ಬೆಲ್ಲದ ಮಂಡಿಯದೇ ವಾಸನೆ ಇರುತ್ತದೆ ಎಂದು ಅದೆಷ್ಟು ಸಲ ಸಾಧಿಸಿದ್ದೆ ನೀನು. ಅಲ್ಲಿಗೆ ಹೋಗದೆ, ಬರೀ ಬಾಟಲಿ ಮೂಸಿ. ಒಟ್ಟಿಗೆ ಹೋಗಿ ತೀರ್ಮಾನಿಸೋಣ ಎಂದಿದ್ದೆವು. ಆ ಚಳಿಗಾಲದಲ್ಲಿ ಇಬ್ಬರಿಗೂ ಕೋವಿಡ್ ಬಂತು. ನಾನು ಮನೆಯಲ್ಲಿ, ನೀನು ಆಸ್ಪತ್ರೆಯಲ್ಲಿ. ನೀನು ಫೋನಿನಲ್ಲಿ ಏದುಸಿರು ಬಿಡುತ್ತ, "ಲೋ, ನಾನ್ ಬರಕ್ಕಾಗ್ದಿದ್ರೆ ನೀನಾದ್ರೂ ಹೋಗಿ ಮೂಸ್ನೋಡಿ ಹೇಳೋ. ನಿಜ ಹೇಳ್ಬೇಕು," ಎಂದೆ. ನಾನು ಹೂಂ ಎಂದೆ. ಆಮೇಲೆ ನೀನು...

ಹೋದ ಸೆಪ್ಟೆಂಬರಿನಲ್ಲಿ ನಾನೂ ಸುಧಾಳೂ ಹೋದೆವು. ನಮ್ಮೂರಿನ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಪಳಗಿದವನು ನಾನು, ಅಲ್ಲಿ ದ್ರಾಕ್ಷಿ ತುಂಬಿದ ಟ್ರಾಕ್ಟರಿನ ಹಿಂದೆ ಅರ್ಧ ಬೆಳಗು ತೆವಳಿದೆ. ಒಂದು ಕಡೆ ಕೊಯ್ಲು, ಪ್ರವಾಸಿಗರನ್ನು ವಿಚಾರಿಸಲು ಯಾರಿಗೂ ಬಿಡುವಿಲ್ಲ. ಇನ್ನೊಂದು ಕಡೆ ಮಧ್ಯಾಹ್ನದ ಊಟಕ್ಕೆಂದು ಬೀಗ. ಸರಿ, ನಾವೂ ಉಣ್ಣೋಣವೆಂದರೆ ಮಾಂಸವಿಲ್ಲದ್ದು ಬ್ರೆಡ್ಡು ಮಾತ್ರ. ದಾರಿ ದೂರ, ಬಾಗಿಲು ಭದ್ರ, ಹೊಟ್ಟೆ ದರಿದ್ರ. ಇದಕ್ಕೇ ಏನೋ ನೀನು ಅಷ್ಟು ಹಂಬಲಿಸಿದ್ದು?

ಕೊನೆಗೊಬ್ಬ ವಯಸ್ಸಾದ ಒಡತಿ ತನ್ನ ನೆಲಮಾಳಿಗೆಗೆ ಇಳಿಸಿದಳು. ಇಬ್ಬರಿಗೆ ಒಂದೇ ಲೋಟ ಕೊಟ್ಟು, ರುಚಿ ನೋಡಿ ಉಗಿಯಿರೆಂದು ಬಕೆಟ್ಟು ತೋರಿಸಿದಳು.

"ರೀ, ಎಲ್ರೂ ಒಂದೇ ಬಕೆಟ್ಟಿಗೆ ಉಗೀಬೇಕಾ?" ಎಂದಳು ಸುಧಾ. "ನಿಮ್ಮಮ್ಮ ನೋಡಿದ್ರೆ ಗಂಗಾಸ್ನಾನ ಮಾಡಿಸ್ತಾರೆ. ಲೋಟನಾದ್ರೂ ಎಂಜ್ಲು ಮಾಡ್ಬೇಡಿ."

ಸರಿ, ತಂಬಿಗೆ ನೀರಿನ ಹಾಗೆ ಲೋಟವನ್ನು ಮೇಲೆತ್ತಿ ಬಾಯಿಗೆ ಸುರಿದುಕೊಂಡೆ. ಅರ್ಧ ಗಂಟಲಿಗೆ, ಅರ್ಧ ಅಂಗಿಗೆ. ಒಡತಿ ಕಣ್ಣು ಮುಚ್ಚಿಕೊಂಡಳು. ಅಷ್ಟು ಎತ್ತರದಿಂದ ಸುರಿದರೆ ಮೂಗಿಗೆ ಏನು ಸಿಗುತ್ತದೆ ಎಂದು ತನ್ನ ಇಂಗ್ಲಿಷಿನಲ್ಲಿ ಗದರಿದಳು. ಮತ್ತೆ ಸ್ವಲ್ಪ ಬಗ್ಗಿಸಿ ಕೇಳಿದಳು: ಹೇಳು, ಏನು ವಾಸನೆ?

"ಬೆಲ್ಲ," ಎಂದೆ. ಕನ್ನಡದಲ್ಲೇ. ಆಮೇಲೆ ಕಬ್ಬು, ಆಲೆಮನೆ, ಅಚ್ಚು ಎಲ್ಲವನ್ನೂ ಕೈಸನ್ನೆಯಲ್ಲಿ ವಿವರಿಸಿದೆ. ಆಕೆ ಮರ್ಯಾದೆಗೆ ತಲೆಯಾಡಿಸಿದಳು. ಸುಧಾ ನನ್ನನ್ನೇ ನೋಡುತ್ತಿದ್ದಳು.

ನೀನು ಗೆದ್ದೆ, ಬರ್ಗಂಡಿಯ ನೆಲಮಾಳಿಗೆ ಮಂಡ್ಯದ ಮಂಡಿಯೇ ಸೈ ಎಂದು ಬರೆದು ಪತ್ರ ಮುಗಿಸಬೇಕೆಂದಿದ್ದೆ.

ಬೆಲ್ಲ ಅಂದದ್ದು ಸುಳ್ಳು ಕಣೋ. ನಿನ್ನನ್ನು ಒಯ್ದ ಜ್ವರ ನನ್ನ ಮೂಗನ್ನೂ ಒಯ್ದಿತ್ತು. ಅವತ್ತು ಹೂಂ ಎನ್ನುವಾಗಲೇ ನನಗೆ ಕಾಫಿಯ ವಾಸನೆ ಕೂಡ ಬರುತ್ತಿರಲಿಲ್ಲ. ನಿನಗೆ ಹೇಳಲಿಲ್ಲ. ವಾಪಸು ಬರುತ್ತದೆಂದು ಇಷ್ಟು ವರ್ಷ ಕಾದೆ, ಬರಲಿಲ್ಲ. ಆ ನೆಲಮಾಳಿಗೆ ತಣ್ಣಗಿತ್ತು; ನನಗೆ ಗೊತ್ತಾಗಿದ್ದು ಅಷ್ಟೇ.

ಕಾರಿಗೆ ಬಂದ ಮೇಲೆ ಸುಧಾ ಹೇಳಿದಳು: "ಬೆಲ್ಲ ಇರ್ಲಿಲ್ಲ ರೀ. ಒದ್ದೆ ಗೋಣಿಚೀಲದ ವಾಸ್ನೆ."

ನಿಮ್ಮ ಮಂಡಿಯಲ್ಲಿ ಬೆಲ್ಲ ತುಂಬಿಡುತ್ತಿದ್ದದ್ದು ಗೋಣಿಚೀಲದಲ್ಲೇ ಏನೋ, ಶೇಷು?