ಓದದೆಯೇ ಗೆರೆ ಎಳೆದ ಸುಟ್ಟ ಎಣ್ಣೆಯ ಉತ್ತರ

ವಾಣಿಜ್ಯ ಪಠ್ಯಕ್ರಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ದಾಂಡೇಲಿಯ ವಿದ್ಯಾರ್ಥಿನಿಯೊಬ್ಬಳ ಉತ್ತರಪತ್ರಿಕೆಯನ್ನು, ನಿಮ್ಮ ಸುತ್ತೋಲೆಯ ಹೆಸರಿನಲ್ಲಿ, ಓದದೆಯೇ ಅಡ್ಡಗೆರೆ ಎಳೆದು ಹಿಂದಿರುಗಿಸಲಾಗಿದೆ. ಅವಳ ಅಪರಾಧ ಕನ್ನಡದಲ್ಲಿ ಬರೆದದ್ದು. ಬಿ.ಕಾಂ. ಮೊದಲ ವರ್ಷದ ಉಳಿದೆಲ್ಲ ಪತ್ರಿಕೆಗಳನ್ನು ಕನ್ನಡದಲ್ಲಿ ಬರೆಯಬಹುದಂತೆ; ‘ಸುಸ್ಥಿರ ಅರ್ಥಶಾಸ್ತ್ರ ಪರಿಚಯ’ವೆಂಬ ಹೊಸ ಪತ್ರಿಕೆಯನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆಯಬೇಕಂತೆ. ಆ ಸುತ್ತೋಲೆಯಾದರೂ ಅವಳು ಓದುವ ಹಳಿಯಾಳದ ಕಾಲೇಜಿಗೆ ತಲುಪಿದ್ದು ಆಂತರಿಕ ಪರೀಕ್ಷೆ ಮುಗಿದ ಮೇಲೆ. ನದಿ ಕೊಳೆಯುವುದೂ ಕಾಡು ಬೋಳಾಗುವುದೂ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆಂದು ನಿಮ್ಮ ಸಮಿತಿಗೆ ತಿಳಿಸಿದವರು ಯಾರು?

ಇದನ್ನು ಬರೆಯುತ್ತಿರುವವನು ಹೊಟ್ಟೆಕಿಚ್ಚಿನವನೆಂದು ನಿಮ್ಮ ಕಚೇರಿಯಲ್ಲಿ ಮಾತಾಗುವುದು ಖಚಿತ. ಆ ಶ್ರಮವನ್ನು ನಾನೇ ತಪ್ಪಿಸುತ್ತೇನೆ: ಹೌದು. ಇದೇ ವಿಷಯದ ಮೇಲೆ ನಾನು ಕನ್ನಡದಲ್ಲಿ ಬರೆದ ಪುಸ್ತಕದ ಹಸ್ತಪ್ರತಿ ನಿಮ್ಮ ಸಮಿತಿಯ ಕಪಾಟಿನಲ್ಲಿದೆ. ತಲುಪಿತೆಂಬ ಒಂದು ಸಾಲಿನ ಮರುತ್ತರವೂ ನನಗೆ ಬಂದಿಲ್ಲ. ನೀವು ಆರಿಸಿದ ಇಂಗ್ಲಿಷ್ ಪುಸ್ತಕದ ಲೇಖಕರು ಉಪನ್ಯಾಸಕ್ಕೆಂದು ಹಳಿಯಾಳಕ್ಕೆ ಬಂದಾಗ, ನಾನು ಪಾಠ ಮಾಡಿದ ಅದೇ ಸಭಾಂಗಣದಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೂ ಈಗಿನ ಪ್ರಾಚಾರ್ಯರೂ ಆದ ಸಂಜೀವಕುಮಾರರು ಆ ಲೇಖಕರಿಗೆ ಶಾಲು ಹೊದಿಸಿದರು. ಪರದೆಯ ಮೇಲೆ ನಾರ್ವೆಯ ಮೀನು, ಕೆನಡಾದ ಮರ. ಭಾರೀ ಚಪ್ಪಾಳೆ. ನನ್ನ ತರಗತಿಯಲ್ಲಿ ಚಪ್ಪಾಳೆಯ ಪದ್ಧತಿ ಇರಲಿಲ್ಲ. ಇರಬೇಕಿತ್ತೆಂದು ಅಂದು ಮೊದಲ ಬಾರಿಗೆ ಅನ್ನಿಸಿತು.

ಅದಕ್ಕಿಂತ ಹೆಚ್ಚು ಉರಿದದ್ದು ಮುಂದಿನ ಭಾನುವಾರ. ಮೇಲೆ ಹೇಳಿದ ವಿದ್ಯಾರ್ಥಿನಿಯ ಹೆಸರು ಸಮ್ರೀನ. ಅರ್ಥಶಾಸ್ತ್ರ ಹೇಳಿಸಿಕೊಳ್ಳಲು ಪ್ರತಿ ಭಾನುವಾರ ದಾಂಡೇಲಿಯಿಂದ ಬಸ್ಸು ಹಿಡಿದು ನನ್ನ ಮನೆಯ ಕಟ್ಟೆಗೆ ಬರುವವಳು. ಅಂದು ಆ ಲೇಖಕರ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಒಳಗೆ ಅವರ ಸಹಿಯನ್ನೂ ಪಡೆದು ತಂದಿದ್ದಳು. “ಎಷ್ಟ್ ಚಂದ ತಿಳಿಸಿ ಹೇಳ್ತಾರ್ರಿ ಸರ್! ನೀವೂ ಹಂಗ ಚಿತ್ರ ತೋರಿಸಿದ್ರ ಭಾಳ ಚಲೋ ಆಗ್ತಿತ್ತು.” ನಾನು ಕನ್ನಡಕ ಒರೆಸಿಕೊಂಡು ಪಾಠ ಮುಂದುವರಿಸಿದೆ.

ಈಗ ನೀವು ಗೆರೆ ಎಳೆಸಿದ ಉತ್ತರದ ವಿಷಯ. ಪ್ರಶ್ನೆ ಇದು: ಬಾಹ್ಯ ವೆಚ್ಚವೆಂದರೇನು? ನಿಮ್ಮ ಸುತ್ತಲಿನ ಉದಾಹರಣೆಯೊಂದಿಗೆ ವಿವರಿಸಿ. ಮಾರುವವನೂ ಕೊಡದೆ, ಕೊಳ್ಳುವವನೂ ಕೊಡದೆ, ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಮೂರನೆಯವರ ತಲೆಗೆ ಬೀಳುವ ವೆಚ್ಚ ಅದು. ನಾನು ಕಲಿಸಿದ್ದು ಬಿದಿರಿನ ಉದಾಹರಣೆ, ಲೇಖಕರದು ಮೀನಿನದು. ಎರಡನ್ನೂ ಬಿಟ್ಟು ಅವಳು ತನ್ನ ತಂದೆ ವಜೀರರ ಗ್ಯಾರೇಜನ್ನು ಬರೆದಳು. ಎಂಜಿನ್ನಿನಿಂದ ಇಳಿಸಿದ ಸುಟ್ಟ ಎಣ್ಣೆಯನ್ನು ಸಾಂಬ್ರಾಣಿ ಊರಿನ ರೈತರು ಡಬ್ಬಿ ತಂದು ಒಯ್ಯುತ್ತಾರೆ. ಬೇಲಿಯ ಗೂಟಕ್ಕೆ ಬಳಿದರೆ ಗೆದ್ದಲು ಹತ್ತುವುದಿಲ್ಲ. ಗ್ಯಾರೇಜು ಸ್ವಚ್ಛ, ಗೂಟ ಗಟ್ಟಿ, ಇಬ್ಬರಿಗೂ ಲಾಭ. ಆದರೆ ಮಳೆಗೆ ಆ ಎಣ್ಣೆ ಗೂಟದಿಂದ ಇಳಿದು ಬೇಲಿಯಾಚೆಯ ಬಾವಿಗೆ ಸೇರಿದರೆ, ಆ ನೀರು ಕುಡಿಯುವವರನ್ನು ಈ ವ್ಯವಹಾರಕ್ಕೆ ಯಾರು ಕರೆದಿದ್ದರು? ಇದು ಅವಳ ಕೊನೆಯ ವಾಕ್ಯ. ನಾನು ಬರೆದ ಇಡೀ ಪುಸ್ತಕದಲ್ಲಿ ಅಂಥದೊಂದು ವಾಕ್ಯವಿಲ್ಲ. ಅದಕ್ಕೂ ನನಗೆ ಅಸೂಯೆಯಾಯಿತು.

ಗೆರೆ ಎಳೆದ ಆ ಉತ್ತರಪತ್ರಿಕೆಯನ್ನು ನನಗೆ ತೋರಿಸಲು ಮಗಳೊಡನೆ ಬಂದಿದ್ದ ವಜೀರರು ಕಟ್ಟೆಯ ಮೇಲೆ ಕುಳಿತು ಗೊಣಗಿದರು: “ನೋಡ್ರಿ ಸರ್, ಫೀ ತುಂಬಿದಾಂವ ನಾನ, ಪೇಪರಿನ್ಯಾಗ ಕಳ್ಳನೂ ನಾನ! ಇನ್ನ ಆ ಆಯಿಲ್ ತಲಿಗೆ ಹಚ್ಕೊಳ್ಳೇನು?”

“ಹಚ್ಕೊಳ್ಳಾಕ ಕೂದಲರ ಎಲ್ಲಿ ಅದಾವ, ಅಬ್ಬಾ?” ಎಂದು ನಕ್ಕವಳ ಮುಖ ಕೂಡಲೇ ಇಳಿಯಿತು. “ಬಿಡ್ರಿ ಸರ್. ಇಂಟರ್ನಲ್ ಮಾರ್ಕ್ಸ್ ಇಲ್ಲಂದ್ರ ಪರೀಕ್ಷಾಕ್ಕ ಕುಂದ್ರಸೂದಿಲ್ಲಂತ. ನಾ ಕಾಲೇಜ್ ಬಿಟ್ಟು ಗ್ಯಾರೇಜಿನ್ಯಾಗ ಬಿಲ್ ಬರ್ಕೋತ ಇರ್ತೇನಿ.”

“ಹುಚ್ಚಿ, ಬಿಲ್ ಬರಿಯಾಕ ನಿನ್ನ ಕಾಲೇಜಿಗೆ ಹಚ್ಚೇನೇನು?” ಎಂದರು ವಜೀರರು.

ಈ ವಿಷಯಕ್ಕೆ ಕನ್ನಡದಲ್ಲಿ ಮೌಲ್ಯಮಾಪಕರು ದೊರೆಯುವುದಿಲ್ಲವೆಂಬುದು ಸುತ್ತೋಲೆಯ ಸಮರ್ಥನೆ. ಹುಡುಕುವ ಶ್ರಮ ಸಮಿತಿಗೆ ಉಳಿಯಿತು, ಓದುವ ಶ್ರಮ ಕಾಲೇಜಿಗೆ ಉಳಿಯಿತು, ವೆಚ್ಚ ಪೂರ್ತಿಯಾಗಿ ಈ ಹುಡುಗಿಯ ತಲೆಗೆ ಬಿದ್ದಿತು. ನೀವೇ ನಿಗದಿಪಡಿಸಿದ ಪಠ್ಯದ ಈ ಮೊದಲ ಪಾಠವನ್ನು ತಾವು ಒಮ್ಮೆಯಾದರೂ ಓದಿದ್ದೀರಾ?

ಮೌಲ್ಯಮಾಪಕರು ಒಬ್ಬರಿದ್ದಾರೆ. ಅಂದು ಉಪನ್ಯಾಸದ ನಂತರ ಚಹಾದ ಮೇಜಿನ ಬಳಿ ನಿಮ್ಮ ಆ ಇಂಗ್ಲಿಷ್ ಲೇಖಕರೇ ಅಡುಗೆಯ ಗೋದುಬಾಯಿಗೆ, “ಇನ್ನೆರಡು ಮಿರ್ಚಿ ಹಾಕ್ರಿ ಅವ್ವಾರ, ಧಾರವಾಡ ಬಿಟ್ಟ ಮ್ಯಾಲ ಇಂಥಾವು ತಿಂದಿಲ್ಲ” ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ಉತ್ತರಪತ್ರಿಕೆಯನ್ನು ಅವರಿಗೇ ಕಳುಹಿಸಿ. ನನಗೆ ಬೇಡ. ಪರೀಕ್ಷೆಯ ಅರ್ಜಿಯ ಗಡುವು ಮುಗಿಯುವ ಮೊದಲು ಅವರು ಕೊಟ್ಟ ಅಂಕವನ್ನು ದಾಖಲಿಸಿ, ಸಮ್ರೀನಳನ್ನು ಪರೀಕ್ಷೆಗೆ ಕೂಡಿಸಿ; ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಅವರು ಪೂರ್ಣಾಂಕ ಕೊಟ್ಟರೆ ಅವಳು ಜೀವಮಾನವಿಡೀ ಅವರನ್ನೇ ಗುರುವೆನ್ನುತ್ತಾಳೆ, ನನ್ನ ಕಟ್ಟೆಯ ಮೇಲೆಯೇ ಕುಳಿತು ಅವರ ಗುಣಗಾನ ಮಾಡುತ್ತಾಳೆ. ಮಾಡಲಿ. ಅದನ್ನು ಕೇಳುವ ಸಂಕಟ ನನ್ನದು. ಅದನ್ನು ನಾನು ಇನ್ನೊಬ್ಬರ ತಲೆಗೆ ಹಾಕುವುದಿಲ್ಲ.

ಇಂತಿ,
ನಿವೃತ್ತನಾದರೂ ಪಾಠ ಬಿಡಲಾರದ, ಹೊಗಳಿಕೆಯನ್ನೂ ಬಿಡಲಾರದ,
ನಾಗಲಿಂಗಪ್ಪ
ಅರ್ಥಶಾಸ್ತ್ರದ ಮಾಜಿ ಉಪನ್ಯಾಸಕ, ಹಳಿಯಾಳ