ಗಂಟೆಗೆ ಇಪ್ಪತ್ತೈದು

ದುವಾರ್ನನೆ,
ಮಾರ್ಚ್ ೧೪

ಗಿಲ್ದಾ,

ನಿನ್ನ ಕಾಗದ ಬಂತು. ಎಡಗೈಯಲ್ಲಿ ಬರೆದಿದ್ದರೂ ಬೈಗುಳ ಒಂದೂ ಅಳಿಸಿಲ್ಲ. ವಿಮಾ ಕಂಪನಿಯವರು ಹೇಗೆ ಕೈಯೆತ್ತಿದರು ಎಂದು ಕೇಳಿದ್ದೀಯ. ಹೇಳುತ್ತೇನೆ, ಮಲಗಿಕೊಂಡೇ ಓದು.

ಮಂಡಿಯ ಆಪರೇಷನ್ ಆದಮೇಲೆ ನಾನು ಮೂರು ಚಕ್ರದ ಎಲೆಕ್ಟ್ರಿಕ್ ಸೈಕಲ್ ಕೊಂಡೆ. ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಿದರೆ ಅದರ ಮೋಟಾರು ತಾನೇ ನಿಲ್ಲುತ್ತದೆ, ಕಾನೂನು ಹಾಗಿದೆ ಎಂದದ್ದೇ ತಪ್ಪಾಯಿತು. ಬಾರಿನಲ್ಲಿ ಎಲ್ಲರೆದುರು ನೀನು, "ಹಿಂದೊಂದು ಹೂವಿನ ಹಾರ ಇಟ್ಕೊ ಕಣೇ, ಶವಯಾತ್ರೆ ಅಂತ ಜನ ಟೋಪಿನಾದ್ರೂ ತೆಗೀತಾರೆ" ಅಂದಿದ್ದೆ. ಇಲ್ಲಿ ಯಾರೂ ಅದನ್ನು ಕಾನೂನು ಅಂದುಕೊಂಡಿಲ್ಲ. ನಮ್ಮ ದಿಬ್ಬ, ನಮ್ಮ ಎದುರುಗಾಳಿ ಕಾಣದ ಪ್ಯಾರಿಸಿನವರು ಬರೆದದ್ದು, ಅಷ್ಟೆ. ನೀನಂತೂ ಆ ಮಿತಿ ತಪ್ಪಿಸುವ ಬೆರಳುದ್ದದ ಡಬ್ಬಿ ತರಿಸಿ, ನಿನ್ನ ಎಲೆಕ್ಟ್ರಿಕ್ ಸೈಕಲ್ಲಿನ ಮೋಟಾರಿನೊಳಗೆ ಕೂರಿಸಿ, ನಲವತ್ತೈದರಲ್ಲಿ ಹಾರಿಸಿಕೊಂಡು ಹೋಗುತ್ತಿದ್ದೆ.

ಅಂಥದೇ ಇನ್ನೊಂದನ್ನು ನನ್ನ ಗಾಡಿಗೂ ಗುಟ್ಟಾಗಿ ಹಾಕಿದ್ದೀಯ ಎಂದು ನನಗೆ ತಿಳಿದದ್ದು ಬಂದರಿನ ತಿರುವಿನಲ್ಲಿ. ಮೂರು ಚಕ್ರದ್ದು ರಭಸದಲ್ಲಿ ತಿರುಗಿದರೆ ಮಗುಚುತ್ತದೆ. ಮೀನು ತೊಳೆದ ನೀರಿನಲ್ಲಿ, ಸ್ಕರ್ಟು ಸೊಂಟಕ್ಕೇರಿ ಬಿದ್ದಿದ್ದೆ. ಬಾರಿನ ಕಿಟಕಿಯಲ್ಲಿ ನೀನೂ ನಿನ್ನ ಗೆಳೆಯರೂ ಗ್ಲಾಸು ಹಿಡಿದು ಕಾದು ನಿಂತಿದ್ದಿರಿ. ನಾನು ಬೀಳುವುದರ ಮೇಲೆ ಕಟ್ಟಿದ್ದ ಪಂದ್ಯ ಗೆದ್ದವರು ಯಾರೆಂದು ನೀನು ಇವತ್ತಿಗೂ ಹೇಳಿಲ್ಲ. ನಾನೂ ಕೇಳದೆ ಅಕ್ಕನ ಮನೆಗೆ ಹೊರಟುಹೋದೆ.

ಈಗ ಕಾಲುದಾರಿಯಾಗಿರುವ ಹಳೆ ರೈಲುದಾರಿಯಲ್ಲಿ ನಡೆದು ಹೋಗುತ್ತಿದ್ದ ಎನೋರಾ ಎಂಬ ಹುಡುಗಿಯ ಬೆನ್ನಿಗೆ ನೀನು ಸೈಕಲ್ ಗುದ್ದಿದ ದಿನ ಆಸ್ಪತ್ರೆಯವರು ನನಗೇ ಫೋನು ಮಾಡಿದರು. ದಾಖಲೆಯಲ್ಲಿ ನೀನಿನ್ನೂ ನನ್ನ ಗಂಡ, ನಾನು ನಿನ್ನ ಹೆಂಡತಿ. ಮನೆಗೆ ಮರಳಿದೆ. ಪ್ರಜ್ಞೆ ಬಂದಮೇಲೆ ನೀನು ಮೊದಲು ಆಡಿದ ಮಾತು, "ಇನ್ಶೂರೆನ್ಸಿನವನು ಬರೋದ್ರೊಳಗೆ ಆ ಡಬ್ಬಿ ತೆಗೆದು ಸಮುದ್ರಕ್ಕೆ ಎಸೆದ್ಬಿಡು." ಆ ಹುಡುಗಿ ಉಳಿದಳೋ ಇಲ್ಲವೋ ಎಂದು ಕೇಳಲಿಲ್ಲ. ಆಗಲಿ ಎಂದೆ. ಉಳಿದಿದ್ದಾಳೆ, ಸೊಂಟದ ಕೆಳಗೆ ಸ್ವಾಧೀನವಿಲ್ಲ. ನೋಡಲು ಹೋಗಿದ್ದೆ. "ಅವರು ಬೆಲ್ ಹೊಡೆದಿದ್ರಾ? ನಂಗೆ ಕೇಳಿಸ್ಲೇ ಇಲ್ಲ" ಎಂದು, ತನ್ನದೇ ತಪ್ಪೇನೋ ಎಂಬಂತೆ ವಿಚಾರಿಸಿದಳು.

ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಪರೀಕ್ಷಕ ನಾವು ಅಂದುಕೊಂಡದ್ದಕ್ಕಿಂತ ಮೊದಲೇ ಬಂದುಬಿಟ್ಟ. ಚುರುಕು ಮನುಷ್ಯ, ಬಿಚ್ಚಿ ನೋಡಿದ, ಸಿಕ್ಕಿತು. ನಾನು ಏನು ಮಾಡಲಾದೀತು? ಅಂಥದ್ದು ಸೈಕಲ್ಲೇ ಅಲ್ಲವಂತೆ, ಮೊಪೆಡ್ಡಂತೆ. ವಿಮೆ ಅದಕ್ಕೆ ನಡೆಯದು. ಎನೋರಾಳಿಗೆ ಸಲ್ಲಬೇಕಾದ್ದನ್ನು ಇನ್ನು ನಿನ್ನಿಂದಲೇ, ನೀನಿರುವವರೆಗೂ ವಸೂಲು ಮಾಡುತ್ತಾರೆ. ಅದಕ್ಕೆ ನಿನ್ನ ದೋಣಿ ಮಾರಿಹೋಗುವುದು ಖಚಿತ. ಅದನ್ನು ನೋಡಲು ಶನಿವಾರ ನಿನ್ನ ಬಾರಿನ ಗೆಳೆಯರೇ ಬಂದಿದ್ದರು. ತೀರಾ ಕಡಿಮೆಗೆ ಕೇಳಿದರು. ನಿನ್ನ ಆರೋಗ್ಯ ಯಾರೂ ಕೇಳಲಿಲ್ಲ.

ಬೆಣ್ಣೆ ಕೇಕು ಕಳಿಸಿದ್ದೇನೆ. ನರ್ಸಿಗೂ ಒಂದು ತುಂಡು ಕೊಡು, ನಿನ್ನನ್ನು ಸಹಿಸಿಕೊಂಡಿದ್ದಾಳೆ.

ಕಾನೂನಿನ ಪ್ರಕಾರ ಇನ್ನೂ ನಿನ್ನವಳು,
ಅನ್ನಿಕ್

ಮರೆತೆ: ಪರೀಕ್ಷಕನಿಗೆ ಏನೂ ಸಿಕ್ಕಿರಲಿಲ್ಲ. ಸುತ್ತ ನೋಡಿ, ಎಲ್ಲ ಸರಿಯಿದೆ ಎಂದು ಬರೆದುಕೊಂಡು ಕಾರು ಹತ್ತುತ್ತಿದ್ದ. ನಾನೇ ಬಾಗಿಲಿಗೆ ಓಡಿ ಕರೆದೆ: "ಮೋಟಾರಿನ ಮುಚ್ಚಳ ತೆಗೀಲೇ ಇಲ್ವಲ್ಲ ನೀವು. ಬನ್ನಿ, ಸ್ಕ್ರೂಡ್ರೈವರ್ ನಾನು ಕೊಡ್ತೀನಿ."