ನಿಮ್ಮಪ್ಪನ ಆಂಪ್ಲಿಫೈಯರ್

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮ? ಕತ್ತುನೋವು ಕಡಿಮೆಯಾಯಿತೇ? ಆ ಕಾರ್ಖಾನೆಯಲ್ಲಿ ದಿನವಿಡೀ ಭೂತಗನ್ನಡಿಯ ಕೆಳಗೆ ಬೋರ್ಡು ನೋಡುತ್ತ ಕೂತರೆ ಕತ್ತು ಹಿಡಿದುಕೊಳ್ಳದೆ ಇನ್ನೇನಾಗುತ್ತದೆ! ಕುರ್ಚಿ ಸ್ವಲ್ಪ ಎತ್ತರಿಸಿಕೋ ಎಂದರೆ ಕೇಳುವವಳಲ್ಲ ನೀನು. ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸ್ಕತ್ತು ತಿಂದು ನೀರು ಕುಡಿದರೆ ಅದು ಊಟವಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿಮ್ಮಪ್ಪನ ವಿಷಯ ಬರೆಯೋಣವೆಂದೇ ಕೂತೆ, ಆದರೆ ಎಲ್ಲಿಂದ ಶುರು ಮಾಡಲಿ ಎಂದು ಪೆನ್ನು ಕಚ್ಚಿಕೊಂಡು ಬಹಳ ಹೊತ್ತಾಯಿತು.

ಆ ಉದ್ದಕೂದಲಿನ ಗಿಟಾರಿನವರು ನಿನಗೆ ಗೊತ್ತಲ್ಲ, ನೀನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ನಮ್ಮ ವರ್ಕ್‌ಶಾಪಿಗೆ ಬರುವವರು. ಈಗ ತಲೆ ಪೂರ್ತಿ ಬೋಳಾಗಿದೆ, ಕರೆಯುವುದು ಮಾತ್ರ ಹಾಗೇ ಉಳಿದಿದೆ. ಊರೂರು ತಿರುಗಿ ನುಡಿಸಲು ಹೊರಟಿದ್ದಾರಂತೆ, ಜೊತೆಗೆ ಒಯ್ಯಲು ಒಂದು ಆಂಪ್ಲಿಫೈಯರ್ ಮಾಡಿಕೊಡಿ ಎಂದು ನಿಮ್ಮಪ್ಪನಿಗೆ ಹೇಳಿದ್ದರು. ಮುಗಿದಿದೆ ಬನ್ನಿ ಎಂದು ಹೇಳಿಕಳಿಸಿದರೆ ಅವರು ಇನ್ನೊಂದನ್ನೂ ಹೊತ್ತುಕೊಂಡು ಬಂದರು. ನೋಡಿದರೆ ನಿಮ್ಮ ಕಾರ್ಖಾನೆಯದೇ! "ಬೇಜಾರು ಮಾಡ್ಕೋಬೇಡಿ ಸರ್, ಎರಡನ್ನೂ ಅಕ್ಕಪಕ್ಕ ಇಟ್ಟು ಒಂದ್ಸಲ ಕೇಳೋಣ ಅಂತ" ಎಂದು ತಲೆ ಕೆರೆದುಕೊಂಡರು. ನಿಮ್ಮಪ್ಪನಿಗೆ ಬೇಜಾರೆಲ್ಲಿ ಬಂತು, ಹಿಗ್ಗಿ ಹೀರೇಕಾಯಿಯಾದರು. ಪಕ್ಕದ ಕ್ಷೌರದಂಗಡಿಯವರನ್ನೂ ಕೂಗಿ ಕರೆದರು. ಅವರು ಕತ್ತರಿ ಜೇಬಿಗಿಟ್ಟುಕೊಂಡೇ ಓಡಿಬಂದರು.

ಎರಡರ ಹಿಂಬದಿಯನ್ನೂ ಬಿಚ್ಚಿಟ್ಟರು. ನಮ್ಮದರಲ್ಲಿ ಒಂದೊಂದು ತಂತಿಯನ್ನೂ ನಿಮ್ಮಪ್ಪನೇ ಅಳೆದು, ಕತ್ತರಿಸಿ, ಬಾಗಿಸಿ ಬೆಸೆದದ್ದು. ನಿಮ್ಮದರಲ್ಲಿ ಹಸಿರು ಬೋರ್ಡು, ಅದರ ಮೈಮೇಲೇ ತಾಮ್ರದ ಗೆರೆಗಳು, ಬಿಡಿಭಾಗಗಳೆಲ್ಲ ಶಾಲೆಯ ಅಂಗಳದಲ್ಲಿ ಮಕ್ಕಳು ನಿಂತ ಹಾಗೆ ಸಾಲಾಗಿ. ಗಾಜಿನ ವಾಲ್ವುಗಳು ಮಾತ್ರ ಎರಡರಲ್ಲೂ ಒಂದೇ ಥರ, ಕಾದಾಗ ಅದೇ ಕೆಂಪು. ಇವರು ಭಾಷಣ ಶುರು ಮಾಡಿದರು. "ಕೈಯಲ್ಲಿ ಮಾಡಿದ್ದು ಕೆಟ್ರೆ ಎಲ್ಲಿ ಕೆಟ್ಟಿದೆ ಅಂತ ಕಣ್ಣಿಗೇ ಕಾಣತ್ತೆ, ಅಲ್ಲಷ್ಟೇ ಬಿಚ್ಚಿ ಸರಿಮಾಡಿದ್ರಾಯ್ತು. ವಾಲ್ವಿನ ಬಿಸಿಗೆ ಬೋರ್ಡೇ ಕರಕಲಾದ್ರೆ ಏನ್ ಮಾಡ್ತೀರಿ?" ನನಗೆ ನೀನು ಅಂದು ಊಟದ ಮೇಜಿನಲ್ಲಿ ಇದೇ ಮಾತಿಗೆ ಕೊಟ್ಟ ಉತ್ತರ ನೆನಪಾಯಿತು: "ಅಪ್ಪಾ, ಬೋರ್ಡಿನ ಗೆರೆ ಕೂತ ಜಾಗ ಬಿಟ್ಟು ಕದಲಲ್ಲ. ಸಾವಿರ ಮಾಡಿದ್ರೂ ಸಾವಿರವೂ ಒಂದೇ ಥರ ಇರತ್ತೆ. ನಿನ್ನ ತಂತಿ ಒಂದು ಕೂದಲೆಳೆ ಆಚೀಚೆ ಆದ್ರೆ ಕಿರುಚತ್ತೆ." ಆ ಮಾತಿಗೇ ಅಲ್ಲವೇ ಅವರು ಅರ್ಧ ಊಟದಲ್ಲಿ ಎದ್ದುಹೋದದ್ದು, ನೀನು ಹೇಳದೆ ಕೇಳದೆ ಹೋಗಿ ಆ ಕಾರ್ಖಾನೆಯ ಕೆಲಸಕ್ಕೆ ಒಪ್ಪಿಕೊಂಡದ್ದು. ಇಬ್ಬರು ಹೇಳುವುದರಲ್ಲೂ ನಿಜವಿತ್ತು. ನಡುವೆ ಕೂತಿದ್ದ ನಾನು ಯಾರ ಕಡೆ ತಿರುಗಿದರೂ ಇನ್ನೊಬ್ಬರಿಗೆ ಬೆನ್ನು ಹಾಕಿದಂತಾಗುತ್ತಿತ್ತು.

ಮೊದಲು ನಿಮ್ಮದಕ್ಕೆ ಗಿಟಾರ್ ಜೋಡಿಸಿ ನುಡಿಸಿದರು. ನನ್ನ ಕಿವಿಗಂತೂ ಚೆನ್ನಾಗಿಯೇ ಇತ್ತು ಮಗಳೇ, ಮುಚ್ಚುಮರೆ ಏಕೆ. ನಿಮ್ಮಪ್ಪ ತುಟಿ ಡೊಂಕು ಮಾಡಿ "ಡಬ್ಬದೊಳಗೆ ಮಾತಾಡಿದ ಹಾಗಿದೆ" ಎಂದರು. ಆಮೇಲೆ ನಮ್ಮದು. ಮೊದಲೆರಡು ಸ್ವರ ಕೇಳಿ ನನ್ನ ಎದೆ ತುಂಬಿಬಂತು. ಗಿಟಾರಿನವರು ಶಬ್ದ ಏರಿಸುತ್ತಿದ್ದಂತೆ ಒಳಗಿನಿಂದ ಒಂದು ಸೀಟಿ ಎದ್ದಿತು. ತೆಳ್ಳಗೆ, ಚೂಪಾಗಿ, ಕಿವಿಯೊಳಗೆ ಸೂಜಿ ತಿರುವಿದ ಹಾಗೆ. ಕ್ಷೌರದಂಗಡಿಯವರು ಕಿವಿ ಮುಚ್ಚಿಕೊಂಡರು. ಬಾಗಿಲಲ್ಲಿ ಮಲಗಿದ್ದ ಬೀದಿನಾಯಿ ಎದ್ದು ರಸ್ತೆ ದಾಟಿಹೋಯಿತು. ನಿಮ್ಮಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಗಿಟಾರಿನವರು ನುಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಸೀಟಿ ಮಾತ್ರ ನಿಲ್ಲಲಿಲ್ಲ. ಅದರ ನಡುವೆಯೇ ಇವರು ಬೆರಳೆತ್ತಿ "ಕೇಳಿ, ನಿಲ್ಲಿಸಿದ ಮೇಲೆ ಎಷ್ಟು ನಿಶ್ಶಬ್ದ! ಇದು ಕೈಕೆಲಸ ಅಂದ್ರೆ" ಎಂದರು.

ಕೊನೆಗೆ ಕ್ಷೌರದಂಗಡಿಯವರೇ ತಡೆಯಲಾರದೆ "ಯಜಮಾನ್ರೇ, ಸೀಟಿ ಹೊಡೀತಿದೆಯಲ್ಲ" ಎಂದುಬಿಟ್ಟರು. ಪಾಪ, ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. "ಯಾವ ಸೀಟಿ?" ಎಂದು ನಿಮ್ಮಪ್ಪ ನಕ್ಕರು. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ನಗು ಎಲ್ಲಿ ಹೋಯಿತೋ! ತಂತಿ ಸರಿಸುವ ಮರದ ಕಡ್ಡಿ ಎತ್ತಿಕೊಂಡು, ಎಂದಿನಂತೆ ಕರೆಂಟು ಹೊಡೆಯದಿರಲೆಂದು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಒಂದೊಂದೇ ತಂತಿಯನ್ನು ತಳ್ಳತೊಡಗಿದರು. ಆದರೆ ಗುಬ್ಬೀ, ಅವರು ತಂತಿ ನೋಡುತ್ತಿರಲಿಲ್ಲ. ನಮ್ಮ ಮುಖ ನೋಡುತ್ತಿದ್ದರು. ಒಂದು ತಂತಿ ಸರಿಸುವುದು, ನಮ್ಮ ಕಡೆ ನೋಡುವುದು. ಇನ್ನೊಂದು ಸರಿಸುವುದು, ಮತ್ತೆ ನೋಡುವುದು. ಯಾವುದೋ ಒಂದನ್ನು ಸರಿಸಿದಾಗ ಸೀಟಿ ತಟಕ್ಕನೆ ನಿಂತಿತು. ನಮ್ಮ ಹುಬ್ಬಿನ ಗಂಟು ಸಡಿಲಿರಬೇಕು, ಕಡ್ಡಿ ಅಲ್ಲೇ ನಿಂತಿತು. "ಹೋಯ್ತಾ?" ಎಂದು ನನ್ನನ್ನು ಕೇಳಿದರು. "ಹೋಯ್ತು" ಎಂದೆ.

ಗಿಟಾರಿನವರು ನಿಮ್ಮದನ್ನೇ ಒಯ್ದರು. "ಹಗುರ ಇದೆ ಸರ್, ಓಡಾಟಕ್ಕೆ ಇದೇ ಸಲೀಸು" ಎಂದರು. ಅದೇನೂ ಹಗುರವಿರಲಿಲ್ಲ; ನಿಮ್ಮಪ್ಪನೇ ಒಂದು ಕಡೆ ಹಿಡಿದು ವ್ಯಾನಿಗೆ ಏರಿಸಿದರಲ್ಲ, ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಮಾರನೆಯ ವಾರ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಂದು ಸಣ್ಣ ಗಾಜಿನ ಕೋಣೆ, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಗುಂಡಿ. ಶಬ್ದ ಕೇಳಿದಾಗಲೆಲ್ಲ ಒತ್ತಬೇಕು. ನಾನು ಹೊರಗಿನಿಂದ ನೋಡುತ್ತಿದ್ದೆ. ಮೊದಮೊದಲು ಒತ್ತಿದರು. ಆಮೇಲೆ ಹೆಬ್ಬೆರಳು ಗುಂಡಿಯ ಮೇಲೆ ಸಿದ್ಧವಾಗಿಯೇ ಇತ್ತು, ಒತ್ತಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಬಾರದ ಮಗುವಿನ ಹಾಗೆ ಕೂತಿದ್ದರು. ಒಳಗಿನ ನರವೇ ಸೊರಗಿದೆ, ಮೇಲಿನ ಚೂಪು ಸ್ವರಗಳು ಕೇಳಿಸುವುದು ಹೋಗಿದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಕಿವಿಗೆ ಹಾಕಿ ನೋಡಲಿ ಎಂದು ಒಂದು ಮಿಷನ್ ಕೊಟ್ಟರು. ಮನೆಗೆ ಬಂದವರೇ ಅದನ್ನು ಸ್ಕ್ರೂಡ್ರೈವರ್ ಹಾಕಿ ಬಿಚ್ಚಿಬಿಟ್ಟರು! "ಇದ್ರೊಳಗೂ ಬೋರ್ಡೇ ಕಣೇ!" ಎಂದು ನಕ್ಕರು. ನಾನೂ ನಕ್ಕೆ. ನಗುತ್ತ ನಗುತ್ತ ಇಬ್ಬರಿಗೂ ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. ಮತ್ತೆ ಜೋಡಿಸಿ ಹಾಕಿಕೊಂಡರು, ಆದರೆ ಎಲ್ಲ ಶಬ್ದವೂ ತಟ್ಟೆ ಉರುಳಿದ ಹಾಗೆ ಕೇಳುತ್ತದಂತೆ. ಈಗ ಅದು ಕನ್ನಡಕದ ಡಬ್ಬಿಯಲ್ಲಿದೆ.

ಕೆಲಸ ಬಿಟ್ಟಿಲ್ಲ. ಬಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಮುಂದುವರಿಸಿ ಎನ್ನಲು ಧೈರ್ಯವಿಲ್ಲ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಸೀಟಿ ಬಂದರೆ ಬೆರಳೆತ್ತುವುದು ನನ್ನ ಕೆಲಸ. ಒಳಗಿನ ಕರೆಂಟು ಎಂಥದು ಎಂದು ನಿನಗೆ ನಾನು ಹೇಳಬೇಕೇ, ಸ್ವಿಚ್ ಆರಿಸಿದ ಮೇಲೂ ಹೊಂಚಿ ಕೂತಿರುತ್ತದೆ. ಎಲ್ಲಾದರೂ ಚಿಟಿಚಿಟಿ ಎಂದರೆ ಅವರಿಗೆ ಕೇಳಿಸದಲ್ಲ ಎಂದು ಒಂದು ಕೈ ಸ್ವಿಚ್ಚಿನ ಮೇಲೇ ಇರುತ್ತದೆ ನನ್ನದು. ಆಗಾಗ ತಿರುಗಿ "ಹೇಗಿದೆ? ಮೇಲಿನ ಸ್ವರ ಸಿಹಿಯಾಗಿದೆಯಾ, ಒರಟಾಗಿದೆಯಾ?" ಎಂದು ಕೇಳುತ್ತಾರೆ. ನನಗೇನು ಗೊತ್ತಮ್ಮ? ಒಂದು ಜನ್ಮವೆಲ್ಲ ಅವರು ಕೇಳಿಸಿಕೊಂಡದ್ದನ್ನು ನಾನು ಹೇಗೆ ಕೇಳಲಿ? ಚೆನ್ನಾಗಿದೆ ಎನ್ನುತ್ತೇನೆ. ಎಷ್ಟು ಚೆನ್ನಾಗಿದೆ ಎಂದು ಕಾಯುತ್ತಾರೆ. ಮತ್ತೊಮ್ಮೆ ಚೆನ್ನಾಗಿದೆ ಎನ್ನುತ್ತೇನೆ. ಅವರು ಮತ್ತೆ ತಂತಿಯ ಕಡೆ ತಿರುಗುತ್ತಾರೆ.

ಇನ್ನೇನು ಬರೆಯಲಿ. ಕ್ಷೌರದಂಗಡಿಯವರು ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಆ ದಿನದಿಂದ ಪಾಪ ಅವರು ವರ್ಕ್‌ಶಾಪಿನ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತಾರೆ. ನಿನ್ನ ಕಣ್ಣು, ಕೈ, ಕತ್ತು ಎಲ್ಲ ಸುಖವಾಗಿರಲಿ, ಮಾಡಿದ ಕೆಲಸ ನಿನಗೆ ಹೆಸರು ತರಲಿ. ಇಷ್ಟನ್ನೇ ದಿನಾ ಬೇಡಿಕೊಳ್ಳುವ,

ನಿನ್ನ ಅಮ್ಮ

ಮರೆತೆ ನೋಡು, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ಅವರು "ಹೂಂ, ಸರಿ" ಎಂದು ನನ್ನ ಕೈಗೆ ಕೊಟ್ಟುಬಿಡುತ್ತಾರೆ, ಇನ್ನೂ ಸಿಟ್ಟು ಹೋಗಿಲ್ಲ ಎಂದು ನೀನು ಅಳುತ್ತೀಯಲ್ಲ, ಸಿಟ್ಟಲ್ಲಮ್ಮ ಅದು. ನಿನ್ನೆ ಅವರೇ ನನ್ನ ಹತ್ತಿರ ಕೇಳಿದರು: "ಅವಳು ನನ್ನ ಹತ್ರ ಮಾತ್ರ ಯಾಕೆ ಪಿಸುಪಿಸು ಅಂತಾಳೆ? ಒಂದು ಮಾತೂ ಬಾಯಿಬಿಟ್ಟು ಆಡಲ್ಲ. ಅಷ್ಟೊಂದು ನೋಯಿಸಿದ್ನಾ ನಾನು?" ಫೋನ್ ಬೇಡ. ಇದಕ್ಕೆ ಉತ್ತರವನ್ನು ಅವರ ಹೆಸರಿಗೇ ಬರೆ.